ಬುತ್ತಿ ಕಟ್ಟಿಕೊಂಡು ಯಂತ್ರ ನೋಡಲು

ಹಳೇ ಮದ್ರಾಸು ರಸ್ತೆಯಲ್ಲಿ ಪೂರ್ವಕ್ಕೆ ಹೊರಟ ಬಸ್ಸಿನಲ್ಲಿ ಕಂಡಕ್ಟರು ಕೂಗುವ ಹೆಸರುಗಳನ್ನು ಒಮ್ಮೆ ಕಿವಿಗೊಟ್ಟು ಕೇಳಬೇಕು. ಎನ್‌ಜಿಇಎಫ್, ಟಿನ್ ಫ್ಯಾಕ್ಟರಿ, ಐಟಿಐ ಗೇಟ್. ವೈಟ್‌ಫೀಲ್ಡ್ ಕಡೆ ತಿರುಗಿದರೆ ಗ್ರಾಫೈಟ್ ಇಂಡಿಯಾ. ಬೇರೆ ಊರುಗಳಲ್ಲಿ ಬಸ್‌ಸ್ಟಾಪುಗಳಿಗೆ ದೇವಸ್ಥಾನದ, ಅರಳಿಕಟ್ಟೆಯ, ಕೆರೆಕೋಡಿಯ ಹೆಸರಿದ್ದರೆ ನಮ್ಮ ಮಹದೇವಪುರದ ಸೀಮೆಯಲ್ಲಿ ಕಾರ್ಖಾನೆಗಳ ಹೆಸರು. ತಮಾಷೆಯೆಂದರೆ ಟಿನ್ ಫ್ಯಾಕ್ಟರಿಯಲ್ಲಿ ಇಳಿದವರಿಗೆ ಟಿನ್ ಮಾಡುವ ಫ್ಯಾಕ್ಟರಿ ಕಾಣುವುದಿಲ್ಲ. ಎನ್‌ಜಿಇಎಫ್ ಬಾಗಿಲು ಹಾಕಿ ಇಪ್ಪತ್ತು ವರ್ಷಗಳ ಮೇಲಾಯಿತು. ಗ್ರಾಫೈಟ್ ಇಂಡಿಯಾ ಇಲ್ಲಿನ ಕೆಲಸವನ್ನು 2019ರಲ್ಲಿ ನಿಲ್ಲಿಸಿತು. ಐಟಿಐ ಇದೆ, ಆದರೆ ಪಾಳಿ ಬಿಟ್ಟಾಗ ರಸ್ತೆ ತುಂಬ ಸೈಕಲ್ಲುಗಳು ಹರಿಯುತ್ತಿದ್ದ ಆ ಕಾಲ ಇಲ್ಲ. 2023ರಲ್ಲಿ ಮೆಟ್ರೋ ರೈಲು ನಮ್ಮ ಮನೆಯ ಹತ್ತಿರ ಬಂದಾಗ ನಿಲ್ದಾಣಗಳಿಗೆ ಮತ್ತೆ ಹಳ್ಳಿಗಳ ಹೆಸರೇ ಬಂತು: ಬೆನ್ನಿಗಾನಹಳ್ಳಿ, ಸಿಂಗಯ್ಯನಪಾಳ್ಯ, ಗರುಡಾಚಾರ್‌ಪಾಳ್ಯ, ಹೂಡಿ. ಮೊದಲು ರಾಗಿ ಹೊಲ, ಆಮೇಲೆ ಕಾರ್ಖಾನೆ, ಅದರ ಮೇಲೆ ಗಾಜಿನ ಸಾಫ್ಟ್‌ವೇರ್ ಕಟ್ಟಡ. ಈ ಮೂರು ಪದರಗಳಲ್ಲಿ ನಡುವಿನದು ಎಷ್ಟು ಬೇಗ ಅಳಿಸಿಹೋಗುತ್ತಿದೆಯೆಂದರೆ, ನಮ್ಮ ಮಕ್ಕಳಿಗೆ ಅದು ಬಸ್‌ಸ್ಟಾಪಿನ ಹೆಸರಾಗಿ ಮಾತ್ರ ಗೊತ್ತು.

ಆ ಪದರವನ್ನು ಮಕ್ಕಳಿಗೆ ತೋರಿಸೋಣ ಎಂದು ನಮ್ಮ ಮನೆಯಲ್ಲಿ ರಜೆಯ ದಿನಗಳಲ್ಲಿ ಒಂದು ಪರಿಪಾಠ ಇಟ್ಟುಕೊಂಡೆವು. ಚಿತ್ರಾನ್ನ, ಮೊಸರನ್ನದ ಬುತ್ತಿ ಕಟ್ಟಿಕೊಂಡು ಯಂತ್ರ ನೋಡಲು ಹೊರಡುವುದು. ನೆಂಟರು ನಕ್ಕರು. “ನಂದಿಬೆಟ್ಟಕ್ಕೆ ಹೋಗಿ, ಬನ್ನೇರುಘಟ್ಟಕ್ಕೆ ಹೋಗಿ; ರಜಾದಿನ ಕಬ್ಬಿಣ ನೋಡೋದಕ್ಕೆ ಯಾರಾದರೂ ಹೋಗ್ತಾರೇನ್ರೀ?” ಎಂದರು. ಹಿತ್ತಲ ಗಿಡ ಮದ್ದಲ್ಲ ಎನ್ನುವುದು ಇದಕ್ಕೇ. ಪರದೇಶಗಳಲ್ಲಿ ಹಳೆಯ ಗಿರಣಿ, ಗಣಿಗಳನ್ನು ಒಪ್ಪ ಮಾಡಿ ಟಿಕೆಟ್ ಇಟ್ಟು ತೋರಿಸುತ್ತಾರೆ. ಇಂಗ್ಲೆಂಡಿನ ಐರನ್‌ಬ್ರಿಜ್ ಎಂಬ ಕಬ್ಬಿಣದ ಊರು 1986ರಲ್ಲೇ ಯುನೆಸ್ಕೋದ ಪರಂಪರೆಯ ಪಟ್ಟಿ ಸೇರಿತು. ನಮಗೆ ಪರಂಪರೆಯೆಂದರೆ ಇನ್ನೂ ಬೇಲೂರು, ಹಂಪೆ ಮಾತ್ರ.

ನಮ್ಮ ಮನೆಗೆ ತೀರ ಹತ್ತಿರದ್ದು ಹಳೆಯ ವಿಮಾನ ನಿಲ್ದಾಣದ ರಸ್ತೆಯಲ್ಲಿ 2001ರಲ್ಲಿ ತೆರೆದ ಎಚ್‌ಎಎಲ್ ವಸ್ತುಸಂಗ್ರಹಾಲಯ. ಮರಗಳ ನೆರಳು, ಗುಲಾಬಿ ತೋಟ, ನಡುನಡುವೆ ರೆಕ್ಕೆ ಚಾಚಿ ನಿಂತ ವಿಮಾನಗಳು. ಚಿಕ್ಕ ಮಕ್ಕಳಿಗೆ ಓಡಾಡಲು ಜಾಗವಿದೆ, ನಮಗೆ ಕೂರಲು ಕಲ್ಲುಬೆಂಚಿದೆ. ವಾಲ್‌ಚಂದ್ ಹೀರಾಚಂದ್ ಎಂಬ ಉದ್ಯಮಿ ಮೈಸೂರು ಸಂಸ್ಥಾನದ ಬೆಂಬಲದಿಂದ 1940ರ ಡಿಸೆಂಬರಿನಲ್ಲಿ ಈ ಕಾರ್ಖಾನೆಯನ್ನು ಕಟ್ಟಿದರು. ಆಗ ಎರಡನೆಯ ಮಹಾಯುದ್ಧ ನಡೆಯುತ್ತಿತ್ತು. 1942ರಲ್ಲಿ ಆಡಳಿತ ಸರ್ಕಾರದ ಕೈಗೆ ಹೋಯಿತು. ಮರುವರ್ಷ ಅಮೆರಿಕದ ಸೈನ್ಯ ಬಂದು ತನ್ನ ವಿಮಾನಗಳನ್ನು ಇಲ್ಲಿ ರಿಪೇರಿ ಮಾಡಿಸಿತು. ಯುದ್ಧ ಮುಗಿದ ಮೇಲೆ ಅಷ್ಟು ಕೆಲಸಗಾರರಿಗೆ ಕೆಲಸವೆಲ್ಲಿ? ವಿಮಾನ ಮಾಡಿದ ಕೈಗಳು ರೈಲಿನ ಬೋಗಿಗಳನ್ನು ಮಾಡಿದವು. ಆ ಬೋಗಿ ವಿಭಾಗವೇ 1964ರಲ್ಲಿ ಬಿಇಎಂಎಲ್‌ಗೆ ಸೇರಿತು. ಇಲ್ಲೇ ವಿ. ಎಂ. ಘಾಟಗೆಯವರು ರೂಪಿಸಿದ ಎಚ್‌ಟಿ-2 ಎಂಬ ತರಬೇತಿ ವಿಮಾನ 1951ರಲ್ಲಿ ಹಾರಿತು. ಜರ್ಮನಿಯ ಕುರ್ಟ್ ಟ್ಯಾಂಕ್ ರೂಪಿಸಿದ ‘ಮಾರುತ’ 1961ರಲ್ಲಿ ಹಾರಿತು. ಎರಡೂ ಈಗ ಸಂಗ್ರಹಾಲಯದಲ್ಲಿ ನಿಂತಿವೆ. “ಇದನ್ನೆಲ್ಲ ನಮ್ಮ ಮನೆ ಹತ್ತಿರಾನೇ ಮಾಡಿದ್ದಾ?” ಎಂದು ನನ್ನ ಮಗಳು ಕೇಳಿದಾಗ, ಹೊರಟು ಬಂದದ್ದು ಸಾರ್ಥಕವಾಯಿತು ಅನ್ನಿಸಿತು.

ಎರಡನೆಯ ಪಯಣ ಕಬ್ಬನ್ ಪಾರ್ಕಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತುಸಂಗ್ರಹಾಲಯಕ್ಕೆ. ಈಗ ಮೆಟ್ರೋ ಇಳಿದು ನಡೆದೇ ಹೋಗಬಹುದು. ವಿಶ್ವೇಶ್ವರಯ್ಯನವರು ತೀರಿಕೊಂಡದ್ದು 1962ರ ಏಪ್ರಿಲಿನಲ್ಲಿ. ಮೂರು ತಿಂಗಳ ಮೇಲೆ, ಜುಲೈ 14ರಂದು, ನೆಹರೂ ಬಂದು ಕಟ್ಟಡವನ್ನು ಉದ್ಘಾಟಿಸಿದರು. ಇಲ್ಲಿ ಗುಂಡಿ ಒತ್ತಿದರೆ ಚಕ್ರ ತಿರುಗುತ್ತದೆ, ಹಿಡಿ ತಿರುವಿದರೆ ದೀಪ ಹತ್ತುತ್ತದೆ. ‘ಮುಟ್ಟಬೇಡ’ ಎನ್ನುವ ಮಾತು ಕಡಿಮೆ. ಆದ್ದರಿಂದ ಮಕ್ಕಳಿಗೆ ಬಲು ಇಷ್ಟ. ವಿದ್ಯುತ್ತಿನ ವಿಭಾಗದಲ್ಲಿ ನಿಂತು ನಾನು ಅವರಿಗೆ ನಮ್ಮ ಸೀಮೆಯದೇ ಒಂದು ಕಥೆ ಹೇಳಿದೆ. 1902ರಲ್ಲಿ ಕಾವೇರಿಯ ಶಿವನಸಮುದ್ರದಲ್ಲಿ ವಿದ್ಯುತ್ತು ಹುಟ್ಟಿತು. ಅದು ಮೊದಲು ಹೋದದ್ದು ಬೆಂಗಳೂರಿಗಲ್ಲ, ಮೈಸೂರಿಗೂ ಅಲ್ಲ. ಸುಮಾರು 147 ಕಿಲೋಮೀಟರು ದೂರ ತಂತಿಯಲ್ಲಿ ಹರಿದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದದ್ದು ಮೂರು ವರ್ಷದ ಮೇಲೆ, 1905ರಲ್ಲಿ. ಮೊದಲು ಚಿನ್ನ, ಆಮೇಲೆ ಬೀದಿ, ಎಲ್ಲದರ ಕೊನೆಗೆ ಅಡಿಗೆಮನೆ. ನಮ್ಮ ಅಜ್ಜಿಯರು ಎಷ್ಟು ವರ್ಷ ಸೀಮೆಎಣ್ಣೆ ಬುಡ್ಡಿಯಲ್ಲಿ ಅಡಿಗೆ ಮಾಡಿದರೆಂದು ನೆನೆದರೆ ಈ ಸರದಿ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಆ ದಿನ ನಮ್ಮ ಜತೆ ಅತ್ತೆಯವರೂ ಬಂದಿದ್ದರು. ಅವರು ದೂರವಾಣಿನಗರದ ಐಟಿಐನಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವರು. ಮನೆಯಲ್ಲಿ ಅದರ ಮಾತು ಬಂದದ್ದೇ ಅಪರೂಪ. ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ. ಊಟ ಮುಗಿಸಿ ಹೊರಗೆ ಕೂತಿದ್ದಾಗ ಮಗಳು, “ಅಜ್ಜೀ, ನೀನು ಫ್ಯಾಕ್ಟರಿಯಲ್ಲಿ ಏನು ಮಾಡ್ತಿದ್ದೆ?” ಎಂದು ಕೇಳಿದಳು. ಅತ್ತೆ ಒಂದು ಕ್ಷಣ ಯೋಚಿಸಿ, ನನ್ನ ಮುಡಿಯಲ್ಲಿದ್ದ ಮಲ್ಲಿಗೆ ದಂಡೆಯನ್ನು ತೋರಿಸಿ, “ಹೂ ಕಟ್ತಿದ್ದೆ” ಎಂದರು.

ಅವರು ಹೇಳಿದ್ದು ತಮಾಷೆಯಲ್ಲ. ಹಳೆಯ ಟೆಲಿಫೋನ್ ಎಕ್ಸ್‌ಚೇಂಜಿನ ಒಂದೊಂದು ಚೌಕಟ್ಟಿನಲ್ಲೂ ನೂರಾರು ಬಣ್ಣದ ತಂತಿಗಳು. ಯಾವ ಬಣ್ಣದ ತಂತಿ ಯಾವ ಮೊಳೆಗೆ ಎಂದು ಲೆಕ್ಕವಿಟ್ಟು ಹಲಗೆಯ ಮೇಲೆ ಹಾಸಿ, ಮೇಣ ಹಾಕಿದ ದಾರದಿಂದ ಸಮ ಅಂತರದಲ್ಲಿ ಗಂಟು ಬಿಗಿದು ದಂಡೆ ಕಟ್ಟಬೇಕು. ಆಮೇಲೆ ತುದಿಗಳನ್ನು ಬೆಸೆಯಬೇಕು. ಗಂಟು ಸಡಿಲಾದರೆ ತಂತಿ ಜಾರುತ್ತದೆ, ಬಿಗಿ ಹೆಚ್ಚಾದರೆ ಹೊದಿಕೆ ಕತ್ತರಿಸುತ್ತದೆ. ಹೂ ಕಟ್ಟಿದವರಿಗೆ ಈ ಹದ ಹೇಳಿಕೊಡಬೇಕಿಲ್ಲ. ಅತ್ತೆ ಬುತ್ತಿ ಕಟ್ಟಿದ್ದ ದಾರವನ್ನೇ ತೆಗೆದುಕೊಂಡು, ನಾಲ್ಕು ಹುಲ್ಲುಕಡ್ಡಿ ಜೋಡಿಸಿ ಮೊಮ್ಮಗಳಿಗೆ ಗಂಟು ತೋರಿಸಿದರು. ಬೆರಳು ನಡುಗುತ್ತಿತ್ತು, ಗಂಟು ಮಾತ್ರ ಬಿಗಿಯಾಗಿ ಕೂತಿತು.

ಈ ಎಕ್ಸ್‌ಚೇಂಜಿನ ಹಿಂದೆ ಇನ್ನೊಂದು ಕಥೆಯಿದೆ. ಅದನ್ನು ಕಂಡುಹಿಡಿದ ಆಲ್ಮನ್ ಸ್ಟ್ರೋಜರ್ ಅಮೆರಿಕದಲ್ಲಿ ಶವಸಂಸ್ಕಾರದ ಏರ್ಪಾಡು ಮಾಡುವ ವೃತ್ತಿಯವನು. ಊರಿನ ಟೆಲಿಫೋನ್ ಆಪರೇಟರ್ ಹೆಂಗಸು ತನಗೆ ಬರುವ ಕರೆಗಳನ್ನು ಎದುರಾಳಿಗೆ ಕೊಡುತ್ತಿದ್ದಾಳೆಂದು ಅವನಿಗೆ ಸಂಶಯ ಬಂತಂತೆ. ಆಪರೇಟರೇ ಬೇಡವೆಂದು ಅವನು ಮಾಡಿದ ಸ್ವಯಂಚಾಲಿತ ಯಂತ್ರಕ್ಕೆ 1891ರಲ್ಲಿ ಪೇಟೆಂಟ್ ಸಿಕ್ಕಿತು. ನಾವು ಡಯಲಿನಲ್ಲಿ ಐದು ತಿರುವಿದರೆ ಐದು ಸಲ ವಿದ್ಯುತ್ ಮಿಡಿಯುತ್ತದೆ, ಯಂತ್ರದ ತೋಳು ಐದು ಮೆಟ್ಟಿಲು ಏರುತ್ತದೆ. 1948ರಲ್ಲಿ ಬೆಂಗಳೂರಿನಲ್ಲಿ ಐಟಿಐ ಹುಟ್ಟಿದಾಗ ಬ್ರಿಟಿಷ್ ಕಂಪನಿಯೊಂದರ ನೆರವಿನಿಂದ ತಯಾರಿಸಲು ತೊಡಗಿದ್ದು ಇದೇ ಯಂತ್ರವನ್ನು. ಸ್ವತಂತ್ರ ಭಾರತದ ಮೊದಲ ಸರ್ಕಾರಿ ಉದ್ಯಮ ಎಂದು ಅದನ್ನು ಹೇಳುವುದುಂಟು. ಹೆಂಗಸಿನ ಕೈ ತಪ್ಪಿಸಲೆಂದು ಹುಟ್ಟಿದ ಯಂತ್ರವನ್ನು ನಮ್ಮ ಊರಿನಲ್ಲಿ ಹೆಂಗಸರ ಕೈಗಳೇ ಜೋಡಿಸಿದವು!

ಆಗಿನ ಕಾಲಕ್ಕೆ ಅದು ಸಣ್ಣ ಮಾತಲ್ಲ. ತಿಂಗಳಿಗೊಮ್ಮೆ ತನ್ನ ಹೆಸರಿನ ಸಂಬಳದ ಕವರನ್ನು ಸಹಿ ಹಾಕಿ ಪಡೆಯುವ ಹೆಂಗಸರು ನಮ್ಮ ಬೀದಿಗಳಲ್ಲಿ ಎಷ್ಟು ಮಂದಿ ಇದ್ದರು? 1948ರ ಕಾರ್ಖಾನೆ ಕಾಯಿದೆ ಹೆಂಗಸರಿಗೆ ರಾತ್ರಿ ಪಾಳಿ ಕೂಡದೆಂದಿತು. ಐವತ್ತಕ್ಕಿಂತ ಹೆಚ್ಚು ಹೆಂಗಸರಿದ್ದಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದಿತು. 1976ರಲ್ಲಿ ಆ ಸಂಖ್ಯೆ ಮೂವತ್ತಕ್ಕೆ ಇಳಿಯಿತು. ಕಾಯಿದೆಯ ಆ ಒಂದು ಸಾಲಿನಿಂದ ಎಷ್ಟೋ ತಾಯಂದಿರು ಕೆಲಸ ಬಿಡದೆ ಉಳಿದರು. ಅತ್ತೆ ಹೇಳಿದ ಇನ್ನೊಂದು ಮಾತು ನನ್ನ ಮನಸ್ಸಿನಲ್ಲಿ ಕೂತಿದೆ: “ನೋಡಮ್ಮಾ, ನಾವು ಕಟ್ಟಿದ ತಂತಿಯಲ್ಲಿ ಊರೆಲ್ಲ ಮಾತಾಡ್ತು. ನಮ್ಮ ಮನೆಗೆ ಫೋನು ಬಂದದ್ದು ನಾನು ರಿಟೈರಾಗೋ ಹೊತ್ತಿಗೆ.” ಆಗೆಲ್ಲ ಫೋನಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಿತ್ತು. ಫೋನು ಬಂದಾಗ ತಂತಿಯ ದಂಡೆಯ ಕಾಲವೇ ಮುಗಿಯುತ್ತಿತ್ತು. 1984ರಲ್ಲಿ ಸಿ-ಡಾಟ್ ಸಂಸ್ಥೆ ಹುಟ್ಟಿದ ಮೇಲೆ ಎಲೆಕ್ಟ್ರಾನಿಕ್ ಎಕ್ಸ್‌ಚೇಂಜುಗಳು ಹರಡಿದವು. ಅವಕ್ಕೆ ಅಷ್ಟೊಂದು ಕೈಗಳು ಬೇಡವಾದವು.

ಸಂಗ್ರಹಾಲಯದ ಫಲಕಗಳಲ್ಲಿ ಕಾಣದ ಇನ್ನೊಂದು ಅಧ್ಯಾಯವೂ ಇದೆ. 1980ರ ಡಿಸೆಂಬರಿನಿಂದ 1981ರ ಮಾರ್ಚಿಯವರೆಗೆ ಎಚ್‌ಎಎಲ್, ಐಟಿಐ, ಬಿಇಎಲ್, ಎಚ್‌ಎಂಟಿ, ಬಿಇಎಂಎಲ್ ಕಾರ್ಖಾನೆಗಳ ಕಾರ್ಮಿಕರು ವೇತನದ ಪ್ರಶ್ನೆಯ ಮೇಲೆ 77 ದಿನ ಮುಷ್ಕರ ಹೂಡಿದರು. ಲಕ್ಷಕ್ಕೂ ಮಿಕ್ಕಿದ ಕಾರ್ಮಿಕರ ಮನೆಗಳಿಗೆ ಸಂಬಳವಿಲ್ಲ. ಮುಷ್ಕರವೆಂದರೆ ನಮಗೆ ನೆನಪಾಗುವುದು ಬಾವುಟ, ಘೋಷಣೆ. ಆ 77 ದಿನಗಳ ಇನ್ನೊಂದು ಮುಖ ಅಂಗಡಿಯವರ ಉದ್ರಿ ಪುಸ್ತಕದಲ್ಲಿತ್ತು, ಅಡವಿಟ್ಟ ಬಳೆಗಳಲ್ಲಿತ್ತು, ಬೇಳೆ ಕಡಿಮೆ ಹಾಕಿ ನೀರು ಹೆಚ್ಚು ಮಾಡಿದ ಸಾರಿನಲ್ಲಿತ್ತು. ಆ ಲೆಕ್ಕ ಇಟ್ಟವರೆಲ್ಲ ಹೆಂಗಸರು.

ಮೂರನೆಯ ಪಯಣ ಸ್ವಲ್ಪ ದೂರದ್ದು. ಶಿವನಸಮುದ್ರದ ವಿದ್ಯುತ್ತು ಹೋದ ಜಾಗವನ್ನೇ ನೋಡೋಣವೆಂದು ಮಕ್ಕಳು ಹಟ ಹಿಡಿದವು. ಕೆ. ಆರ್. ಪುರದಲ್ಲಿ ರೈಲು ಹತ್ತಿ ವೈಟ್‌ಫೀಲ್ಡ್, ಮಾಲೂರು, ಬಂಗಾರಪೇಟೆ ದಾಟಿ ಕೆಜಿಎಫ್‌ಗೆ ಹೋದೆವು. ಜಾನ್ ಟೇಲರ್ ಕಂಪನಿ 1880ರ ದಶಕದಲ್ಲಿ ಶುರುಮಾಡಿದ ಗಣಿ, 1956ರಲ್ಲಿ ಸರ್ಕಾರದ್ದಾಯಿತು, 2001ರ ಫೆಬ್ರವರಿ 28ರಂದು ಮುಚ್ಚಿತು. ನೂರಿಪ್ಪತ್ತು ವರ್ಷಗಳಲ್ಲಿ 800 ಟನ್ನಿಗೂ ಹೆಚ್ಚು ಚಿನ್ನ ಕೊಟ್ಟ ಭೂಮಿಯಲ್ಲಿ ಕೆಳಗೆ ಮೂರು ಕಿಲೋಮೀಟರಿಗೂ ಆಳದ ಸುರಂಗ, ಮೇಲೆ ಸೈನೈಡ್ ದಿಬ್ಬಗಳು. ಗಣಿಯೊಳಗೆ ಹೋಗಲು ಅವಕಾಶವಿಲ್ಲ. ಮಕ್ಕಳನ್ನು ಕರೆದೊಯ್ಯುವವರು ದಿಬ್ಬ ಹತ್ತಿಸಬೇಡಿ, ಆ ದೂಳು ಒಳ್ಳೆಯದಲ್ಲ. ದೂರದಿಂದ ಗಣಿಬಾಯಿಯ ಕಬ್ಬಿಣದ ಗೋಪುರಗಳನ್ನು ನೋಡಬಹುದು, ಹಳೆಯ ಬಂಗಲೆಗಳನ್ನು ನೋಡಬಹುದು. ಹಾಗೆಯೇ ಕಾರ್ಮಿಕರ ಸಾಲುಮನೆಗಳನ್ನೂ ನೋಡಬೇಕು. ಬಂಗಲೆಯನ್ನೂ ಸಾಲುಮನೆಯನ್ನೂ ಒಂದೇ ದಿನ ನೋಡಿದ ಮಗುವಿಗೆ ಇತಿಹಾಸದ ಪಾಠ ಬೇರೆ ಬೇಕಿಲ್ಲ.

ನನಗೆ ಹೆಚ್ಚು ಕಾಡಿದ್ದು ರೈಲು. ಗಣಿ ಮುಚ್ಚಿದ ಮೇಲೆ ಅಲ್ಲಿನ ಜನ ದಿನವೂ ಬೆಳಕು ಹರಿಯುವ ಮುನ್ನ ಹೊರಟು ಬೆಂಗಳೂರಿಗೆ ಕೆಲಸಕ್ಕೆ ಬಂದು ರಾತ್ರಿ ಹಿಂದಿರುಗುತ್ತಾರೆ. ಆ ಬೋಗಿಗಳಲ್ಲಿ ಎಷ್ಟೊಂದು ಹೆಂಗಸರು! ನಾಲ್ಕು ಗಂಟೆಗೆ ಎದ್ದು ಅಡಿಗೆ ಮಾಡಿ ಡಬ್ಬಿ ಕಟ್ಟಿಕೊಂಡು ಬಂದವರು. ಗಂಡಸರು ಚಿನ್ನ ತೆಗೆದ ಊರಿನ ಹೆಣ್ಣುಮಕ್ಕಳು ಇಂದು ನಮ್ಮ ಮಹದೇವಪುರದ ಸುತ್ತಲಿನ ಅಂಗಡಿ, ಆಸ್ಪತ್ರೆ, ಕಚೇರಿಗಳನ್ನು ನಡೆಸುತ್ತಿದ್ದಾರೆ. ಒಂದು ಕಾರ್ಖಾನೆಯೋ ಗಣಿಯೋ ಮುಚ್ಚಿದರೆ ಯಂತ್ರ ನಿಲ್ಲುತ್ತದೆ, ಅಷ್ಟೇ. ದುಡಿಮೆ ನಿಲ್ಲುವುದಿಲ್ಲ, ಅದು ಸದ್ದಿಲ್ಲದೆ ಹೆಂಗಸರ ಹೆಗಲಿಗೆ ಬರುತ್ತದೆ.

ಎನ್‌ಜಿಇಎಫ್ ಜಾಗವನ್ನು ಉದ್ಯಾನ ಮಾಡುವ ಮಾತು ಈಚೆಗೆ ಕೇಳಿಬರುತ್ತಿದೆ. ಆಗಲಿ, ನಗರಕ್ಕೆ ನೆರಳು ಬೇಕು. ಮರಗಳ ನಡುವೆ ಒಂದು ಹಳೆಯ ಶೆಡ್ಡನ್ನೂ ಉಳಿಸಿದರೆ ಇನ್ನೂ ಚೆನ್ನ. ಅದರಲ್ಲಿ ಟ್ರಾನ್ಸ್‌ಫಾರ್ಮರಿನ ಜತೆಗೆ ಅದಕ್ಕೆ ತಂತಿ ಸುತ್ತಿದವರ ಹೆಸರು, ಮೊದಲ ಸಂಬಳದ ಚೀಟಿ, ಊಟದ ಡಬ್ಬಿಗಳನ್ನೂ ಇಟ್ಟರೆ ಅದು ನಿಜವಾಗಿ ನಮ್ಮ ಸಂಗ್ರಹಾಲಯವಾಗುತ್ತದೆ. ವಿಮಾನ, ಇಂಜಿನ್ನುಗಳನ್ನು ಸರ್ಕಾರ ಎತ್ತಿಡುತ್ತದೆ, ತುಕ್ಕು ಹಿಡಿಯದಂತೆ ಬಣ್ಣ ಬಳಿಯುತ್ತದೆ. ದಂಡೆಯ ಗಂಟಿನ ಹದ ಗೊತ್ತಿರುವ ಬೆರಳುಗಳಿಗೆ ಬಣ್ಣ ಬಳಿದು ನಿಲ್ಲಿಸಲಾಗುವುದಿಲ್ಲ. 1960ರ ದಶಕದಲ್ಲಿ ಆ ಗೇಟುಗಳೊಳಗೆ ಕಾಲಿಟ್ಟ ಹುಡುಗಿಯರಿಗೆ ಈಗ ಎಂಬತ್ತರ ಆಸುಪಾಸು.

ಆದ್ದರಿಂದ ಮುಂದಿನ ರಜೆಗೆ ಎಲ್ಲಿಗಾದರೂ ಹೊರಡುವಾಗ ಮನೆಯಲ್ಲಿರುವ ಹಿರಿಯರನ್ನೂ ಕರೆದುಕೊಂಡು ಹೋಗಿ. ಬಿಸಿಲಿಳಿದ ಮೇಲೆ ಹೊರಡಿ, ಕೂರಲು ಒಂದು ಚಾಪೆ ಇಟ್ಟುಕೊಳ್ಳಿ, ಅವರ ಮಾತ್ರೆ ಮರೆಯಬೇಡಿ. ಅತ್ತೆ, ಅಮ್ಮ, ಪಕ್ಕದ ಮನೆಯ ಅಜ್ಜಿ, ಯಾರಾದರೂ ಸರಿ. ಯಂತ್ರದ ಮುಂದೆ ನಿಲ್ಲಿಸಿ, “ನಿಮ್ಮ ಪಾಳಿ ಎಷ್ಟು ಹೊತ್ತಿಗೆ ಶುರುವಾಗ್ತಿತ್ತು? ಪಕ್ಕದಲ್ಲಿ ಯಾರು ಕೂರ್ತಿದ್ದರು?” ಎಂದು ಮಕ್ಕಳ ಕೈಯಲ್ಲಿ ಕೇಳಿಸಿ. ಒಂದು ನೋಟ್‌ಬುಕ್ಕೂ ಬುತ್ತಿಯ ಚೀಲದಲ್ಲಿರಲಿ. ನನ್ನ ಮಗಳು ಬರೆದಿಟ್ಟ ಪುಟಗಳು ಈಗ ಹದಿನೇಳು; ಅತ್ತೆ ಇನ್ನೂ ಬೆಸುಗೆಯ ಪಾಠದವರೆಗೆ ಬಂದಿಲ್ಲ.