ದಾಯಾದಿ

ಬೆಳಗಾವಿ ಜಿಲ್ಲೆಯ ಕುಲಗೋಡ, ಗೋಕಾಕ ಸೀಮೆಯಲ್ಲಿ ಹೊಲದ ವಾಟ್ನಿ (ಪಾಲು) ಎಂದೊಡನೆ ನೆನಪಾಗುವ ಪದ ದಾಯಾದಿ. ಸಂಸ್ಕೃತದ ‘ದಾಯ’ ಎಂದರೆ ಪಿತ್ರಾರ್ಜಿತ ಪಾಲು. ಅದನ್ನು ಪಡೆಯುವವನು ದಾಯಾದ. ಮೂಲದಲ್ಲಿ ಹಗೆತನದ ಸುಳಿವೇ ಇಲ್ಲ. ಆದರೆ ಕನ್ನಡದಲ್ಲಿ ‘ದಾಯಾದಿ ಮತ್ಸರ’ ಎಂಬ ಜೋಡಿ ನಿಂತುಬಿಟ್ಟಿತು. ಅದೇ ನೆಂಟಸ್ತಿಕೆಗೆ ನಮ್ಮ ಕಡೆ ‘ಅಣ್ಣತಮ್ಮಕಿ’ ಎನ್ನುತ್ತಾರೆ. ಎಷ್ಟು ಹಿತವಾದ ಮಾತು ಅದು!

‘ದಾಯ’ ಎಂಬ ಪದಕ್ಕೆ ಕಾನೂನಿನ ಬಲ ಕೊಟ್ಟವರು ಕನ್ನಡ ನೆಲದವರೇ. ಚಾಲುಕ್ಯ ಆರನೇ ವಿಕ್ರಮಾದಿತ್ಯನ (1076–1126) ಕಾಲದಲ್ಲಿ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ವ್ಯಾಖ್ಯಾನ ಬರೆದ. ಒಡೆಯನೊಡನೆ ಇರುವ ಸಂಬಂಧದಿಂದಷ್ಟೇ ಇನ್ನೊಬ್ಬರದಾಗುವ ಸ್ವತ್ತೇ ದಾಯ ಎಂದ. ಹಿರಿಯರ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಎಂದು ಸಾಧಿಸಿದ. ಬಂಗಾಳದ ಜೀಮೂತವಾಹನನ ‘ದಾಯಭಾಗ’ ಇದನ್ನು ಒಪ್ಪಲಿಲ್ಲ. ಅಲ್ಲಿ ತಂದೆ ತೀರಿದ ಮೇಲಷ್ಟೇ ಹಕ್ಕು. ಬ್ರಿಟಿಷ್ ನ್ಯಾಯಾಲಯಗಳು ಬಂಗಾಳದಾಚೆ ಬಹುಪಾಲು ಭಾರತದಲ್ಲಿ ಮಿತಾಕ್ಷರಾವನ್ನೇ ಹಿಡಿದವು. ಮುಂಬೈ ಪ್ರಾಂತ್ಯದಲ್ಲಿದ್ದ ಬೆಳಗಾವಿಗೂ ಅದೇ ಆಧಾರ.

ಆದರೆ ಹುಟ್ಟಿನ ಹಕ್ಕು ಹುಟ್ಟಿದ ಮಗಳಿಗೇಕಿಲ್ಲ? ಈ ಅನ್ಯಾಯ ಬಹುಕಾಲ ನಡೆಯಿತು. ಕರ್ನಾಟಕ 1994ರಲ್ಲಿ ಮಗಳನ್ನೂ ಸಹಪಾಲುದಾರಳನ್ನಾಗಿಸಿತು, ಆದರೆ ಆಗಲೇ ಮದುವೆಯಾಗಿದ್ದವರನ್ನು ಹೊರಗಿಟ್ಟು. 2005ರಲ್ಲಿ ಉತ್ತರಾಧಿಕಾರ ಕಾನೂನಿಗೆ ಕೇಂದ್ರ ತಂದ ತಿದ್ದುಪಡಿ ಆ ತಡೆಯನ್ನು ತೆಗೆಯಿತು. ತಿದ್ದುಪಡಿಯ ದಿನ ತಂದೆ ಬದುಕಿರಬೇಕಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. ಹೊಲದ ಉತಾರದಲ್ಲಿ (ಪಹಣಿಯಲ್ಲಿ) ಅಣ್ಣತಮ್ಮಂದಿರ ಜೊತೆ ಅಕ್ಕತಂಗಿಯರ ಹೆಸರೂ ಬರಬೇಕಾದದ್ದು ಈಗ ಅವರ ಹಕ್ಕು.