ಕದ್ದು ಜೆರಾಕ್ಸ್ ಮಾಡಿದ ಪಾಠದ ಪುಸ್ತಕ

ನಿಮ್ಮ ಕೈಯಲ್ಲಿರುವುದು ಆಂಡ್ರಾಯ್ಡ್ ಫೋನ್ ಆಗಿದ್ದರೆ ಅದರ ಬುಡದಲ್ಲಿ ಲಿನಕ್ಸ್ ಇದೆ. ಅದು ಹುಟ್ಟುವ ಮೊದಲು, ಕಾಲೇಜುಗಳಲ್ಲಿ ಒಂದು ಪಾಠವನ್ನೇ ನಿಲ್ಲಿಸಿದ ಕಥೆಯಿದೆ.

ಅಮೆರಿಕದ ಟೆಲಿಫೋನ್ ಕಂಪನಿ ಎಟಿ ಅಂಡ್ ಟಿಯ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ತಯಾರಾಯಿತು. ಕಂಪ್ಯೂಟರನ್ನು ನಡೆಸುವ ಮೂಲ ಸಾಫ್ಟ್‌ವೇರ್ ಅದು. 1956ರಲ್ಲಿ ಸರ್ಕಾರದ ಜೊತೆ ಆದ ಒಪ್ಪಂದದಿಂದಾಗಿ ಕಂಪನಿ ಕಂಪ್ಯೂಟರ್ ವ್ಯಾಪಾರಕ್ಕೆ ಇಳಿಯುವಂತಿರಲಿಲ್ಲ. ಹಾಗಾಗಿ ವಿಶ್ವವಿದ್ಯಾಲಯಗಳಿಗೆ ಅಲ್ಪ ಶುಲ್ಕಕ್ಕೆ, ಸೋರ್ಸ್ ಕೋಡ್ ಸಮೇತ ಕೊಟ್ಟಿತು. ಸೋರ್ಸ್ ಕೋಡ್ ಎಂದರೆ ಪ್ರೋಗ್ರಾಂ ಬರೆದವರ ಮೂಲ ಸಾಲುಗಳು. ಅವು ಸಿಕ್ಕರೆ ಓದಿ ಕಲಿಯಬಹುದು, ತಿದ್ದಬಹುದು.

ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಜಾನ್ ಲಯನ್ಸ್ ಎಂಬ ಮೇಷ್ಟ್ರು ಯುನಿಕ್ಸ್ ಆರನೇ ಆವೃತ್ತಿಯ ಸುಮಾರು 9 ಸಾವಿರ ಸಾಲುಗಳನ್ನು ಅಚ್ಚು ಹಾಕಿಸಿ, ಜೊತೆಗೆ ವಿವರಣೆಯನ್ನೂ ಬರೆದರು. ಹುಡುಗರು ನಿಜವಾದ ಕೋಡ್ ಓದಿ ಕಲಿತರು. ಆದರೆ 1979ರಲ್ಲಿ ಏಳನೇ ಆವೃತ್ತಿ ಬಂದಾಗ, ಕೋಡನ್ನು ತರಗತಿಯಲ್ಲಿ ಪಾಠ ಮಾಡುವಂತಿಲ್ಲ ಎಂದು ಲೈಸೆನ್ಸ್ ಹೇಳಿತು. ವ್ಯಾಪಾರದ ಗುಟ್ಟು ಕಾಯಬೇಕಿತ್ತು. ಲಯನ್ಸ್ ಪುಸ್ತಕ ಕೈಯಿಂದ ಕೈಗೆ ಜೆರಾಕ್ಸ್ ಆಗಿ ಹರಿದಾಡಿತು. ಜೆರಾಕ್ಸಿನ ಮೇಲೆ ಜೆರಾಕ್ಸ್, ಅಕ್ಷರ ಮಾಸುವವರೆಗೂ. (ನೋಟ್ಸ್ ಜೆರಾಕ್ಸ್ ಮಾಡಿಸಿಯೇ ಡಿಪ್ಲೊಮಾ ಮುಗಿಸಿದ ನಮ್ಮಂಥವರಿಗೆ ಇದು ಹೊಸದೇನಲ್ಲ!) ಕೋಡ್ ಕಂಪನಿಯದು, ಒಪ್ಪೋಣ. ಆದರೆ ಒಮ್ಮೆ ಕೊಟ್ಟ ಪಾಠವನ್ನು ಕಿತ್ತುಕೊಂಡದ್ದು ಅನ್ಯಾಯವೆಂದೇ ನನಗೆ ಅನಿಸುತ್ತದೆ.

ಪಾಠಕ್ಕೆ ಕೋಡ್ ಇಲ್ಲದಾಗ ಆಮ್‌ಸ್ಟರ್‌ಡ್ಯಾಮಿನ ಪ್ರೊಫೆಸರ್ ಆಂಡ್ರ್ಯೂ ಟ್ಯಾನೆನ್‌ಬಾಮ್ ತಾವೇ ಮಿನಿಕ್ಸ್ ಬರೆದು 1987ರಲ್ಲಿ ಪುಸ್ತಕದ ಜೊತೆ ಹೊರತಂದರು. ಕೋಡ್ ಕಣ್ಣೆದುರು ಇತ್ತು, ಹಂಚುವ ಹಕ್ಕು ಮಾತ್ರ ಪ್ರಕಾಶಕರ ಬಳಿ. ತಿದ್ದಿದವರು ಇಡೀ ಮಿನಿಕ್ಸ್ ಹಂಚುವಂತಿರಲಿಲ್ಲ, ತಾವು ತಿದ್ದಿದ ಸಾಲುಗಳನ್ನಷ್ಟೇ ಕಳಿಸಬೇಕಿತ್ತು.

ಆ ಮಿನಿಕ್ಸ್ ಬಳಸುತ್ತಿದ್ದ ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಬಿಟ್ಟರು. ಅವರ ಮೊದಲ ಲೈಸೆನ್ಸಿನಲ್ಲೂ ಒಂದು ತೊಡಕಿತ್ತು: ಹಂಚುವಾಗ ದುಡ್ಡು ತೆಗೆದುಕೊಳ್ಳುವಂತಿಲ್ಲ. ಹಾಗಾದರೆ ಫ್ಲಾಪಿಯ ಖರ್ಚು ಯಾರು ಕೊಡಬೇಕು? 1992ರಲ್ಲಿ ಅದನ್ನು ಬಿಟ್ಟು ಜಿಪಿಎಲ್ ಲೈಸೆನ್ಸ್ ಹಾಕಿದರು. ಬೇಕಾದರೆ ಮಾರಿ, ಆದರೆ ಪಡೆದವರಿಗೆ ಸೋರ್ಸ್ ಕೋಡನ್ನೂ ನಿಮಗಿರುವ ಹಕ್ಕನ್ನೂ ಕೊಡಿ ಎನ್ನುವುದು ಅದರ ಷರತ್ತು.

ಲಯನ್ಸ್ ಪುಸ್ತಕ ಅಂಗಡಿಯಲ್ಲಿ ರಾಜಾರೋಷವಾಗಿ ಸಿಕ್ಕಿದ್ದು 1996ರಲ್ಲಿ. ಅಷ್ಟರಲ್ಲಿ ಯುನಿಕ್ಸ್ ಹಕ್ಕು ಬೇರೆ ಕಂಪನಿಯ ಕೈಗೆ ಹೋಗಿತ್ತು. ಮೇಷ್ಟ್ರು ಅದನ್ನು ನೋಡುವಷ್ಟು ಕಾಲ ಬದುಕಿದ್ದರು, 1998ರಲ್ಲಿ ತೀರಿಕೊಂಡರು.