ಆತಕೂರಿನ ಕಾಳಿ

ದಯಾಮರಣದಿಂದ ಯಾತನೆ ನೀಗಿದ ನಾಯಿಯ ದೇಹವನ್ನು ಹೂಳುವುದೋ ಸುಡುವುದೋ, ಅದರ ನೆನಪಿಗೆ ಏನನ್ನು ಉಳಿಸುವುದೋ ಎಂದು ಇಂದಿನ ಗೃಹಸ್ಥನು ಚಿಂತಿಸುವಾಗ, ಇದು ಆಧುನಿಕರ ಭಾವುಕತೆಯೆಂದು ಮೂಗುಮುರಿಯುವವರು ಮಂಡ್ಯ ಸೀಮೆಯ ಆತಕೂರಿನ ಶಾಸನವನ್ನು ಓದಿದವರಲ್ಲ.

ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ತಕ್ಕೋಲದ ರಣರಂಗದಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದ ಕಾಲವದು. ಆ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನನ್ನು ಮೆಚ್ಚಿ, ಬೇಕಾದುದನ್ನು ಬೇಡೆಂದು ಕೃಷ್ಣನ ಪಕ್ಷದ ಗಂಗ ದೊರೆ ಬೂತುಗನು ಹೇಳಲು, ಆ ವೀರನು ಊರನ್ನಾಗಲಿ ಹೊನ್ನನ್ನಾಗಲಿ ಬೇಡದೆ ಪ್ರಭುವಿನ ಬೇಟೆನಾಯಿಯಾದ ಕಾಳಿಯನ್ನು ಬೇಡಿ ಪಡೆದನು. ಎಂಥ ಬೇಡಿಕೆ! ಮುಂದೆ ಕಾಳಿಯು ದೊಡ್ಡದೊಂದು ಕಾಡುಹಂದಿಯ ಮೇಲೆ ಬಿದ್ದು ಸೆಣಸಿತು. ಹಂದಿಯೂ ನಾಯಿಯೂ ಒಟ್ಟಿಗೆ ಸತ್ತವು.

ಮಣಲೆರನು ಆತಕೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಕಲ್ಲು ನೆಡಿಸಿ, ನಾಯಿ-ಹಂದಿಗಳ ಕಾಳಗವನ್ನು ಅದರಲ್ಲಿ ಕಂಡರಿಸಿ, ಪೂಜೆಗೆಂದು ಭೂಮಿಯನ್ನೂ ಬಿಟ್ಟನು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು, ಅಂದರೆ ಶೈವ ಪೂಜಾರಿಯು, ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಗಲುವುದೆಂದು ಶಾಸನವು ವಿಧಿಸುತ್ತದೆ. ಈ ವಿಧಿಯೇ ನನ್ನ ಮನಸ್ಸನ್ನು ಬಹುವಾಗಿ ಕಲಕಿದ ಭಾಗ. ಏಕೆಂದರೆ ಒಡೆಯನ ಶೋಕವು ಅವನ ಆಯುಷ್ಯದೊಡನೆ ಮುಗಿಯದೆ, ಪ್ರತಿದಿನವೂ ಮತ್ತೊಬ್ಬನ ಕೈಯಿಂದ ಸಲ್ಲಬೇಕಾದ ಕರ್ತವ್ಯವಾಗಿ ಇಲ್ಲಿ ಸ್ಥಿರಗೊಂಡಿದೆ. ನಾಡಿಗಾಗಿ ಮಡಿದ ವೀರರಿಗೆ ಸಲ್ಲುತ್ತಿದ್ದ ಗೌರವವನ್ನೇ ಮಣಲೆರನು ತನ್ನ ನಾಯಿಗೂ ಸಲ್ಲಿಸಿದನು.

ಶಕವರ್ಷ 872ರ ಈ ಶಿಲೆಯು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಸಾಕಿದ ಜೀವವನ್ನು ಕಳೆದುಕೊಂಡವರು ಒಮ್ಮೆ ಹೋಗಿ ನೋಡಬೇಕು.